ಉತ್ತರ ಧ್ರುವಕ್ಕೆ ಕೊಡೆ ಹಿಡಿದರೆ ಮುಂಗಾರಿನ ಗತಿಯೇನು?

(ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಆರ್ಕ್ಟಿಕ್ ಸಾಗರದ ಮೇಲೆ ತೇಲುವ ಹಿಮದ ಹೊದಿಕೆ ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ತನ್ನ ಅತಿ ಕಡಿಮೆ ಅಳತೆಗೆ ಇಳಿಯುತ್ತದೆ. ಉಪಗ್ರಹಗಳು ಅದನ್ನು ತಪ್ಪದೆ ಅಳೆಯತೊಡಗಿದ್ದು 1979ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಹರಡಿದ್ದ ಹಿಮ 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತು. ಕರಗಿಹೋದ ಆ ಭಾಗ ಇಡೀ ಭಾರತದ ವಿಸ್ತೀರ್ಣಕ್ಕಿಂತ ದೊಡ್ಡದು. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಭೂಮಿಯ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯೇರಿದೆ ಎಂದು ಫಿನ್ಲೆಂಡಿನ ಹವಾಮಾನ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಇಷ್ಟು ವೇಗಕ್ಕೆ ಹಲವು ಕಾರಣಗಳಿವೆ. ನಮ್ಮ ಇಂದಿನ ಮಾತಿಗೆ ಮುಖ್ಯವಾದದ್ದು ಬಣ್ಣ. ಹೊಸ ಹಿಮ ಹೊದ್ದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಅದೇ ಜಾಗದಲ್ಲಿ ಹಿಮ ಕರಗಿ ಕಡಲು ತೆರೆದುಕೊಂಡರೆ ಹಿಂದಿರುಗುವುದು ಶೇಕಡಾ 6ರಷ್ಟು ಮಾತ್ರ, ಉಳಿದದ್ದೆಲ್ಲ ನೀರಿಗೆ ಇಳಿಯುತ್ತದೆ. ಬೇಸಿಗೆಗೆ ಮುನ್ನ ತಾರಸಿಗೆ ಬಿಳಿ ಬಣ್ಣ ಬಳಿಸುವವರು ನೆಚ್ಚುವುದು ಇದೇ ಗುಣವನ್ನು. ಬಿಸಿಯಾದ ಕಡಲು ಪಕ್ಕದ ಹಿಮವನ್ನು ಕರಗಿಸುತ್ತದೆ, ಕರಗಿದಷ್ಟೂ ಕಡಲು ಮತ್ತಷ್ಟು ಕಪ್ಪಾಗುತ್ತದೆ. ಈ ಸುಳಿಯನ್ನು ಎಲ್ಲಿಯಾದರೂ ಕಡಿಯಬಹುದೇ ಎಂಬ ಹುಡುಕಾಟದಿಂದಲೇ ಆರ್ಕ್ಟಿಕ್ ಜಿಯೋಎಂಜಿನಿಯರಿಂಗ್, ಅಂದರೆ ಅಲ್ಲಿಯ ಹವಾಮಾನವನ್ನೇ ಕೃತಕವಾಗಿ ತಿದ್ದುವುದು, ಎಂಬ ಚಿಂತನೆ ಹುಟ್ಟಿತು.

ಈ ಚಿಂತನೆಯನ್ನು ಮುಂದಿಡುವವರನ್ನು ನಾನು ಹಗುರವಾಗಿ ಕಾಣಲಾರೆ. ಅವರ ವಾದದ ತಿರುಳು ಹೀಗಿದೆ: ಇಂಗಾಲದ ಹೊರಸೂಸುವಿಕೆಯನ್ನು ಎಷ್ಟೇ ಬೇಗ ತಗ್ಗಿಸಿದರೂ 2050ಕ್ಕೆ ಮುಂಚೆ ಒಮ್ಮೆಯಾದರೂ ಆರ್ಕ್ಟಿಕ್ ಸಾಗರ ಸೆಪ್ಟೆಂಬರಿನಲ್ಲಿ ಬಹುತೇಕ ಹಿಮರಹಿತವಾಗುವ ಸಾಧ್ಯತೆಯಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿಯಾದ ಐಪಿಸಿಸಿ 2021ರ ವರದಿಯಲ್ಲಿ ಹೇಳಿದೆ, ಅದೂ ತಾನು ಪರಿಗಣಿಸಿದ ಹೊರಸೂಸುವಿಕೆಯ ಎಲ್ಲ ಹಾದಿಗಳಲ್ಲಿ. ಔಷಧಿ ಕೆಲಸ ಮಾಡುವಷ್ಟರಲ್ಲಿ ರೋಗಿಯ ಕೈಕಾಲು ಬಿದ್ದುಹೋಗುವ ಹಾಗಿದ್ದರೆ, ನೋವು ತಗ್ಗಿಸಿ ಕಾಲ ಗಳಿಸುವ ಉಪಾಯವನ್ನಾದರೂ ಹುಡುಕಬಾರದೇ ಎಂದು ಅವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಹಾಗಾಗಿ ಒಂದೊಂದು ಉಪಾಯವನ್ನೂ ಅದರ ಭೌತಶಾಸ್ತ್ರದ ಮೇಲೆ ತೂಗಿ ನೋಡುವುದು ನಮ್ಮ ಕರ್ತವ್ಯ.

ಮೊದಲು ಪಂಪಿನ ಉಪಾಯ. ಕೆನಡಾದ ನುನಾವುಟ್ ಪ್ರಾಂತ್ಯದ ಕೇಂಬ್ರಿಡ್ಜ್ ಬೇ ಎಂಬ ಊರಿನ ಬಳಿ ರಿಯಲ್ ಐಸ್ ಎಂಬ ಬ್ರಿಟಿಷ್ ಸಂಸ್ಥೆ ಸ್ಥಳೀಯ ಇನುಯಿಟ್ ಜನರ ನೆರವಿನಿಂದ ಇದನ್ನು ಪರೀಕ್ಷಿಸುತ್ತಿದೆ. ಚಳಿಗಾಲದ ಕಡಲ ಹಿಮದ ಮೇಲೆ ನಿಂತಿದ್ದೇವೆಂದು ಭಾವಿಸಿ. ಮೇಲಿನ ಗಾಳಿಯ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗಿದೆ. ಕಾಲಡಿಯ ಮಂಜುಗಡ್ಡೆಯ ಕೆಳಗೆ ಕಡಲ ನೀರು ಸೊನ್ನೆಗಿಂತ ಕೇವಲ 1.8 ಡಿಗ್ರಿ ಕೆಳಗಿದೆ. ನೀರಿನ ಶಾಖ ಮೇಲಕ್ಕೆ ಹೋದರೆ ಮಾತ್ರ ತಳದಲ್ಲಿ ಹೊಸ ಮಂಜು ಕಟ್ಟಬೇಕು. ಆದರೆ ನಡುವೆ ಮಂಜುಗಡ್ಡೆಯೂ ಅದರ ಮೇಲಿನ ಸಡಿಲ ಹಿಮವೂ ಕಂಬಳಿಯಂತೆ ಶಾಖವನ್ನು ತಡೆಯುತ್ತವೆ. ದಪ್ಪವಾದಷ್ಟೂ ಮುಂದೆ ದಪ್ಪವಾಗುವುದು ನಿಧಾನ. ಈಗ ಮಂಜುಗಡ್ಡೆಯಲ್ಲಿ ತೂತು ಕೊರೆದು, ಪಂಪು ಇಳಿಸಿ, ಕಡಲ ನೀರನ್ನೇ ಮೇಲಕ್ಕೆತ್ತಿ ಹರಿಯಬಿಡುತ್ತಾರೆ. ನೀರು ಸಡಿಲ ಹಿಮದೊಳಕ್ಕೆ ಇಂಗಿ, ಅದನ್ನು ಮೊದಲು ಕೆಸರಿನಂತೆ ಮಾಡಿ, ಬಳಿಕ ಗಟ್ಟಿಯಾಗಿ ಹೆಪ್ಪುಗಟ್ಟಿಸುತ್ತದೆ. ಗಾಳಿ ತುಂಬಿದ ಕಂಬಳಿ ಹೋಗಿ ಗಟ್ಟಿ ಮಂಜು ಬಂದ ಮೇಲೆ ತಳದ ಶಾಖ ಸುಲಭವಾಗಿ ಹೊರಬೀಳುತ್ತದೆ, ಮಂಜು ಕೆಳಗಿನಿಂದಲೂ ಬೆಳೆಯುತ್ತದೆ. ಉಪಾಯ ಸರಳ, ತರ್ಕ ಸರಿ.

ತೊಡಕಿರುವುದು ಅಳತೆಯಲ್ಲಿ. ಅರಿಝೋನಾ ರಾಜ್ಯ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಮಾಡಿದ ಅಂದಾಜಿನಂತೆ ಆರ್ಕ್ಟಿಕ್‌ನ ಹತ್ತನೇ ಒಂದು ಭಾಗದಲ್ಲಿ ಒಂದು ಚಳಿಗಾಲದೊಳಗೆ ಒಂದು ಮೀಟರ್ ಹೆಚ್ಚುವರಿ ಮಂಜು ಕಟ್ಟಿಸಬೇಕಾದರೆ ಗಾಳಿಯಿಂದ ನಡೆಯುವ ಒಂದು ಕೋಟಿ ಪಂಪುಗಳು ಬೇಕು. ವೆಚ್ಚ ಹತ್ತು ವರ್ಷಕ್ಕೆ 50,000 ಕೋಟಿ ಡಾಲರ್. ಹಿಮ ಸದಾ ಚಲಿಸುತ್ತಲೂ ಬಿರಿಯುತ್ತಲೂ ಇರುವ ಕಡಲಿನಲ್ಲಿ ಒಂದು ಕೋಟಿ ಯಂತ್ರಗಳನ್ನು ಯಾರು ನೋಡಿಕೊಳ್ಳುತ್ತಾರೆ? ಮೇಲೆ ಹರಿದ ನೀರು ಹೆಪ್ಪುಗಟ್ಟುವಾಗ ಉಪ್ಪು ಅಲ್ಲಿಯೇ ಉಳಿಯುತ್ತದೆ, ಉಪ್ಪು ಹೆಚ್ಚಿದ ಮಂಜು ಬೇಸಿಗೆಯಲ್ಲಿ ಬೇಗ ಕರಗಬಹುದು. ಇವೆಲ್ಲಕ್ಕಿಂತ ದೊಡ್ಡ ಮಾತನ್ನು 2019ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು ತಮ್ಮ ಹವಾಮಾನದ ಕಂಪ್ಯೂಟರ್ ಮಾದರಿಯ ಮೂಲಕ ತೋರಿಸಿದರು. ಪಂಪುಗಳಿಂದ ಬೇಸಿಗೆಯ ಹಿಮದ ಕಣ್ಮರೆಯನ್ನು ದಶಕಗಳ ಕಾಲ ಮುಂದೂಡಬಹುದು, ಆದರೆ ಜಾಗತಿಕ ತಾಪ ಅದರಿಂದ ತಗ್ಗುವುದಿಲ್ಲ. ಹೊರತೆಗೆದ ನೀರಿನ ಶಾಖ ಚಳಿಗಾಲದಲ್ಲಿ ಅಲ್ಲಿಯ ಗಾಳಿಯನ್ನೇ ಬಿಸಿ ಮಾಡುತ್ತದೆ. ಹಿಮ ಉಳಿಸುವುದೂ ಭೂಮಿಯನ್ನು ತಂಪಾಗಿಸುವುದೂ ಒಂದೇ ಎಂದು ನಾವು ಮಾತಿನ ಭರದಲ್ಲಿ ಭಾವಿಸುತ್ತೇವೆ. ಅವು ಎರಡು ಬೇರೆ ಕೆಲಸಗಳು.

ಎರಡನೆಯದು ಗಾಜಿನ ಪುಡಿಯ ಉಪಾಯ. ಇದರ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ವಿಜ್ಞಾನ ಹೇಗೆ ನಡೆದುಕೊಳ್ಳಬೇಕು ಎಂಬುದರ ಮಾದರಿಯೂ ಇದೆ. ಅಮೆರಿಕದ ಎಂಜಿನಿಯರ್ ಲೆಸ್ಲಿ ಫೀಲ್ಡ್ ಅವರು ಆರಂಭಿಸಿದ, ಬಳಿಕ ಆರ್ಕ್ಟಿಕ್ ಐಸ್ ಪ್ರಾಜೆಕ್ಟ್ ಎಂದು ಹೆಸರಾದ ಸಂಸ್ಥೆಯೊಂದು ಒಳಗೆ ಪೊಳ್ಳಾದ ಸಿಲಿಕಾ ಗಾಜಿನ ಮಣಿಗಳನ್ನು ಹಿಮದ ಮೇಲೆ ತೆಳುವಾಗಿ ಉದುರಿಸಲು ಹೊರಟಿತು. ಒಂದೊಂದು ಮಣಿಯ ಅಡ್ಡಳತೆ ಸುಮಾರು 65 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪದಷ್ಟು. ಕೈಯಲ್ಲಿ ಹಿಡಿದರೆ ನುಣ್ಣನೆಯ ಬಿಳಿ ರಂಗೋಲಿ ಪುಡಿಯಂತೆ ಕಾಣುವ ವಸ್ತು. ಅಲಾಸ್ಕಾದ ಉತ್ಕಿಯಾಗ್ವಿಕ್ ಊರಿನ ನಾರ್ತ್ ಮೆಡೋ ಸರೋವರದ ಮೇಲೆ ಅದನ್ನು ಹರಡಿ ಅಳತೆಗಳನ್ನೂ ತೆಗೆದರು. ಮಂಜು ಬೆಳ್ಳಗಾದರೆ ಬಿಸಿಲು ಹಿಂದಿರುಗುತ್ತದೆ, ಹಿಮ ಉಳಿಯುತ್ತದೆ ಎಂಬುದು ನಿರೀಕ್ಷೆ.

2022ರಲ್ಲಿ ಮೆಲಿಂಡಾ ವೆಬ್‌ಸ್ಟರ್ ಮತ್ತು ಸ್ಟೀಫನ್ ವಾರನ್ ಎಂಬ ವಿಜ್ಞಾನಿಗಳು ಇದೇ ಲೆಕ್ಕವನ್ನು ಮತ್ತೆ ಮಾಡಿದರು. ತೆಳುವಾದ, ಕಪ್ಪಾದ ಎಳೆಯ ಮಂಜಿನ ಮೇಲೆ ಈ ಪುಡಿ ನಿಜಕ್ಕೂ ಹಿಂದಿರುಗುವ ಬೆಳಕನ್ನು ಹೆಚ್ಚಿಸುತ್ತದೆ. ಆದರೆ ಅಂಥ ಮಂಜು ಹೆಚ್ಚಾಗಿ ಇರುವುದು ಬಿಸಿಲೇ ಇಲ್ಲದ ತಿಂಗಳುಗಳಲ್ಲಿ. ಬಿಸಿಲು ಜೋರಾಗುವ ವಸಂತಕಾಲದ ಹೊತ್ತಿಗೆ ಮಂಜುಗಡ್ಡೆಯನ್ನು ಅಚ್ಚ ಬಿಳಿಯ ಹಿಮ ಹೊದ್ದಿರುತ್ತದೆ, ಅದು ಈ ಪುಡಿಗಿಂತಲೂ ಬಿಳುಪು. ಮಣಿಗಳು ಬಿಸಿಲಿನ ಒಂದು ಪಾಲನ್ನು ತಾವೇ ಹೀರುವುದರಿಂದ ಹಿಮ ಉಳಿಯುವ ಬದಲು ಬೇಗ ಕರಗುವ ಸಂಭವವಿದೆ ಎಂದು ಅವರು ತೋರಿಸಿದರು. ಆರ್ಕ್ಟಿಕ್ ಸಾಗರದ ಮೇಲೆ ಹರಡಲು ವರ್ಷಕ್ಕೆ ಸುಮಾರು 36 ಕೋಟಿ ಟನ್ ಮಣಿಗಳು ಬೇಕಾಗುತ್ತವೆ ಎಂಬುದೂ ಅವರ ಲೆಕ್ಕ. 2025ರಲ್ಲಿ ಆ ಸಂಸ್ಥೆ, ಜೀವಿಗಳ ಮೇಲಿನ ಪರೀಕ್ಷೆಗಳಲ್ಲಿ ಆರ್ಕ್ಟಿಕ್‌ನ ಆಹಾರ ಸರಪಳಿಗೆ ಅಪಾಯದ ಸುಳಿವು ಸಿಕ್ಕಿದೆ ಎಂದು ತಾನೇ ಪ್ರಕಟಿಸಿ ಕೆಲಸ ನಿಲ್ಲಿಸಿತು. ವರ್ಷಗಟ್ಟಲೆ ನೆಚ್ಚಿಕೊಂಡ ಯೋಜನೆಯನ್ನು ತಾವೇ ಕೈಬಿಡುವುದಕ್ಕೆ ಧೈರ್ಯ ಬೇಕು. ಅವರ ಉಪಾಯವನ್ನು ನಾನು ಒಪ್ಪಿರಲಿಲ್ಲ. ಅವರ ನಡೆಗೆ ತಲೆಬಾಗುತ್ತೇನೆ.

ಗ್ರೀನ್‌ಲ್ಯಾಂಡಿನ ಹಿಮನದಿಗಳ ಬುಡಕ್ಕೆ ಬಿಸಿನೀರು ತಾಗದಂತೆ ಕಡಲ ತಳದಲ್ಲಿ ದಿಬ್ಬ ಅಥವಾ ಪರದೆ ಕಟ್ಟುವ ಸಲಹೆಯೂ ಇದೆ. ಅದು ಕಡಲ ಮಟ್ಟದ ಏರಿಕೆಗೆ ಸಂಬಂಧಿಸಿದ ಬೇರೆಯೇ ಚರ್ಚೆಯಾದ್ದರಿಂದ ಇಲ್ಲಿ ಅದನ್ನು ಬದಿಗಿಡುತ್ತೇನೆ.

ಇನ್ನು ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಬಲವಾದ, ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಬೇಕಾದ ಉಪಾಯ: ಮೋಡಗಳಿಗೂ ಮೇಲಿನ ವಾಯುಪದರವಾದ ಸಮೋಷ್ಣ ಮಂಡಲದಲ್ಲಿ, ಸಲ್ಫರ್ ಡೈಆಕ್ಸೈಡ್ ಅನಿಲದಿಂದ ಹುಟ್ಟುವ ಸಲ್ಫೇಟ್ ಕಣಗಳ ತೆಳುಪರದೆ ಹರಡಿ ಬಿಸಿಲನ್ನೇ ಸ್ವಲ್ಪ ತಡೆಯುವುದು. ಇದು ಕೆಲಸ ಮಾಡುತ್ತದೆಂಬುದರಲ್ಲಿ ಅನುಮಾನವಿಲ್ಲ. 1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಆ ಎತ್ತರಕ್ಕೆ ಚಿಮ್ಮಿಸಿದಾಗ ಭೂಮಿಯ ಸರಾಸರಿ ಉಷ್ಣತೆ ಮುಂದಿನ ವರ್ಷ ಸುಮಾರು ಅರ್ಧ ಡಿಗ್ರಿ ಇಳಿಯಿತು. ಧ್ರುವಗಳ ಬಳಿ ಸಮೋಷ್ಣ ಮಂಡಲ ಕೆಳಮಟ್ಟದಲ್ಲೇ ಶುರುವಾಗುವುದರಿಂದ ಕೆಲಸ ಇನ್ನೂ ಸುಲಭ. ಅಮೆರಿಕದ ವೇಕ್ ಸ್ಮಿತ್ ಮತ್ತು ಸಂಗಡಿಗರು 2022ರಲ್ಲಿ ಹಾಕಿದ ಲೆಕ್ಕದಂತೆ ಎರಡೂ ಗೋಳಾರ್ಧಗಳ 60 ಡಿಗ್ರಿ ಅಕ್ಷಾಂಶದ ಬಳಿ 13 ಕಿಲೋಮೀಟರ್ ಎತ್ತರದಲ್ಲಿ, ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಮಾತ್ರ, ವರ್ಷಕ್ಕೆ ಸುಮಾರು 1.75 ಲಕ್ಷ ವಿಮಾನ ಹಾರಾಟಗಳು ಸಾಕು. ವೆಚ್ಚ ವರ್ಷಕ್ಕೆ ಸುಮಾರು 1,100 ಕೋಟಿ ಡಾಲರ್. ಒಂದು ಶ್ರೀಮಂತ ದೇಶ ಒಂಟಿಯಾಗಿಯೇ ಭರಿಸಬಹುದಾದ ಮೊತ್ತವಿದು. ನನ್ನ ಆತಂಕ ಹುಟ್ಟುವುದು ಇಲ್ಲಿಯೇ.

ಎರಡೂ ಧ್ರುವಗಳ ಬಳಿ ಎಂದು ಅವರು ಲೆಕ್ಕ ಹಾಕಿದ್ದನ್ನು ಗಮನಿಸಬೇಕು. ಕರಗುತ್ತಿರುವ ಹಿಮ ಉತ್ತರದ್ದು, ಕಾಳಜಿಯೂ ಉತ್ತರದ್ದೇ ಆಗಿದ್ದರೆ ಉತ್ತರಕ್ಕೆ ಮಾತ್ರ ಕೊಡೆ ಹಿಡಿದರೆ ಸಾಲದೇ? ಸಾಲದು, ಅದಕ್ಕೆ ಕಾರಣ ನಮ್ಮ ತಲೆಯ ಮೇಲಿನ ಮಳೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಭೂಮಿಯನ್ನು ಸುತ್ತುವರಿದ ಮಳೆಪಟ್ಟಿಯೊಂದಿದೆ. ಎರಡು ಗೋಳಾರ್ಧಗಳಲ್ಲಿ ಯಾವುದು ಹೆಚ್ಚು ಬಿಸಿಯೋ ಅತ್ತ ಅದು ವಾಲುತ್ತದೆ. ಜೂನಿನಲ್ಲಿ ಅದು ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬಂದಾಗಲೇ ಮುಂಗಾರು. ಉತ್ತರ ಧ್ರುವವನ್ನು ಕೃತಕವಾಗಿ ತಂಪು ಮಾಡಿದರೆ ಉತ್ತರ ಗೋಳಾರ್ಧದಲ್ಲಿ ಶಾಖದ ಕೊರತೆ ಬೀಳುತ್ತದೆ. ಅದನ್ನು ತುಂಬಲು ವಾಯುಮಂಡಲ ದಕ್ಷಿಣದಿಂದ ಉತ್ತರಕ್ಕೆ ಶಾಖವನ್ನು ಸಾಗಿಸತೊಡಗುತ್ತದೆ. ಆ ಸಾಗಾಟ ನಡೆಯುವುದು ಎತ್ತರದ ಗಾಳಿಯಲ್ಲಿ. ಎತ್ತರದ ಗಾಳಿ ಉತ್ತರಕ್ಕೆ ಹೋದಷ್ಟೂ ನೆಲಮಟ್ಟದ ಗಾಳಿ ದಕ್ಷಿಣಕ್ಕೆ ಹರಿಯಬೇಕು, ಮತ್ತು ನೀರಾವಿ ಇರುವುದು ಈ ಕೆಳಗಿನ ಗಾಳಿಯಲ್ಲಿ. ಹಾಗಾಗಿ ಧ್ರುವಕ್ಕೆ ತಂಪು ಕೊಟ್ಟಾಗ ಮಳೆಪಟ್ಟಿ ದಕ್ಷಿಣಕ್ಕೆ ಜಾರುತ್ತದೆ.

ಇದನ್ನು ಅಂಕಿಗಳಲ್ಲಿ ಹಿಡಿದು ತೋರಿಸಿದ ಅಧ್ಯಯನಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು ಎಂಬುದನ್ನು ನಮ್ಮವರು ತಿಳಿದಿರಬೇಕು. ಪ್ರಾಧ್ಯಾಪಕ ಗೋವಿಂದಸ್ವಾಮಿ ಬಾಲ ಎರಡು ದಶಕಗಳಿಗೂ ಮೀರಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಅವರು ಆದಿತ್ಯ ನಲಂ ಮತ್ತು ಅಂಗ್‌ಶುಮಾನ್ ಮೋದಕ್ ಅವರೊಡನೆ ನಡೆಸಿದ ಅಧ್ಯಯನ ಕೇಳಿದ್ದು ನೇರವಾದ ಪ್ರಶ್ನೆಯನ್ನು: ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದಾಗ ಆರ್ಕ್ಟಿಕ್‌ನಲ್ಲಿ ಏರುವ ಉಷ್ಣತೆಯನ್ನು ಅಲ್ಲಿಯ ಆಕಾಶದಲ್ಲಿ ಮಾತ್ರ ಸಲ್ಫೇಟ್ ಇರಿಸಿ ಸರಿದೂಗಿಸಿದರೆ ಮುಂಗಾರು ಪ್ರದೇಶಗಳಿಗೆ ಏನಾಗುತ್ತದೆ? ಅವರ ಮಾದರಿಯಲ್ಲಿ 1.1 ಕೋಟಿ ಟನ್ ಸಲ್ಫೇಟ್ ಆರ್ಕ್ಟಿಕ್‌ನ ಏರಿಕೆಯನ್ನು ಬಹುತೇಕ ಅಳಿಸಿತು. ಜೊತೆಗೆ ಮಳೆಪಟ್ಟಿಯನ್ನು ಸುಮಾರು ಒಂದೂವರೆ ಡಿಗ್ರಿ ಅಕ್ಷಾಂಶದಷ್ಟು ದಕ್ಷಿಣಕ್ಕೆ ತಳ್ಳಿತು. ಉತ್ತರ ಗೋಳಾರ್ಧದ ಮುಂಗಾರು ಪ್ರದೇಶಗಳಲ್ಲಿ ವಾರ್ಷಿಕ ಮಳೆ ಶೇಕಡಾ 12ರವರೆಗೆ ತಗ್ಗಿತು, ದಕ್ಷಿಣ ಗೋಳಾರ್ಧದಲ್ಲಿ ಶೇಕಡಾ 17ರವರೆಗೆ ಹೆಚ್ಚಿತು. ಎರಡೂ ಧ್ರುವಗಳ ಮೇಲೆ ಕಣಗಳನ್ನು ಇರಿಸಿದಾಗ ಈ ಜಾರುವಿಕೆ ಬಹುಮಟ್ಟಿಗೆ ಇಲ್ಲವಾಯಿತು.

ಇದು ಒಂದೇ ಮಾದರಿಯ ಫಲಿತಾಂಶ, ಅದರಲ್ಲಿ ಸಾಗರವನ್ನು ಸರಳವಾಗಿ ಚಿತ್ರಿಸಲಾಗಿದೆ, ಮತ್ತು ಇಂಗಾಲವನ್ನು ಇಮ್ಮಡಿಗೊಳಿಸುವುದು ದೊಡ್ಡ ಹೆಜ್ಜೆ ಎಂಬುದನ್ನು ಹೇಳಲೇಬೇಕು. ಆದರೂ ದಿಕ್ಕಿನ ವಿಷಯದಲ್ಲಿ ಅನುಮಾನಕ್ಕೆ ಎಡೆ ಕಡಿಮೆ, ಏಕೆಂದರೆ ಇದೇ ಮಾತನ್ನು 2008ರಲ್ಲಿ ಅಮೆರಿಕದ ಅಲನ್ ರೋಬಾಕ್ ಮತ್ತು ಸಂಗಡಿಗರು ಬೇರೊಂದು ಮಾದರಿಯಿಂದ ಹೇಳಿದ್ದರು: ಆರ್ಕ್ಟಿಕ್‌ಗೆಂದು ಹಾಕಿದ ಕಣಗಳು ಏಷ್ಯಾ ಮತ್ತು ಆಫ್ರಿಕಾದ ಮುಂಗಾರನ್ನು ಕೆಡಿಸುತ್ತವೆ. ಅದಕ್ಕೂ ಮುಂಚೆ ಪ್ರಕೃತಿಯೇ ಈ ಪ್ರಯೋಗವನ್ನು ಒಮ್ಮೆ ಮಾಡಿ ತೋರಿಸಿದೆ. ಆರ್ಕ್ಟಿಕ್ ವೃತ್ತಕ್ಕೆ ತುಸು ದಕ್ಷಿಣದಲ್ಲಿರುವ ಐಸ್‌ಲ್ಯಾಂಡಿನ ಲಾಕಿ ಬಿರುಕು 1783ರ ಜೂನ್ 8ರಂದು ಬಾಯಿಬಿಟ್ಟು ಎಂಟು ತಿಂಗಳು ಉರಿಯಿತು; ಸುಮಾರು 12 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಹೊರಬಿತ್ತು. ಐಸ್‌ಲ್ಯಾಂಡಿನ ಜನರಲ್ಲಿ ಸುಮಾರು ಐದನೇ ಒಂದು ಭಾಗ ಹಸಿವು, ರೋಗಗಳಿಂದ ಸತ್ತರು. ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ನೈಲ್ ನದಿಯಲ್ಲಿ ಆ ವರ್ಷವೂ ಮುಂದಿನ ವರ್ಷವೂ ಪ್ರವಾಹ ಏರಲಿಲ್ಲ, ಏಕೆಂದರೆ ಇಥಿಯೋಪಿಯದ ಎತ್ತರದ ನೆಲದಲ್ಲಿ ಮಳೆ ಸೋತಿತ್ತು. ಈಜಿಪ್ಟ್ ತನ್ನ ಜನರಲ್ಲಿ ಆರನೇ ಒಂದು ಭಾಗವನ್ನು ಕಳೆದುಕೊಂಡಿತೆಂದು ಆಗ ಅಲ್ಲಿದ್ದ ಫ್ರೆಂಚ್ ಪ್ರವಾಸಿ ವೊಲ್ನಿ ಬರೆದಿಟ್ಟಿದ್ದಾನೆ. ಆಫ್ರಿಕಾ ಮತ್ತು ಭಾರತದ ಮುಂಗಾರುಗಳು ಆಗ ದುರ್ಬಲವಾಗಿದ್ದವೆಂದು ಇಂದಿನ ಮಾದರಿಗಳು ತೋರಿಸುತ್ತವೆ. ಲಾಕಿಯ ಪ್ರಮಾಣಕ್ಕೂ ಇಂದಿನ ಪ್ರಸ್ತಾಪಗಳ ಪ್ರಮಾಣಕ್ಕೂ ಬಹಳ ಅಂತರವಿದೆ, ನಿಜ. ಉತ್ತರದ ಆಕಾಶದಲ್ಲಿ ಹಾಕಿದ ಪರದೆ ಉತ್ತರದಲ್ಲೇ ತನ್ನ ಕೆಲಸ ಮುಗಿಸುವುದಿಲ್ಲ ಎಂಬ ಒಂದು ಅಂಶಕ್ಕಾಗಿ ಅದನ್ನು ನೆನೆಯುತ್ತೇನೆ.

ಮಳೆ ಶೇಕಡಾ 12ರಷ್ಟು ತಗ್ಗುವುದೆಂದರೆ ಏನೆಂದು ಮಳೆಯಾಶ್ರಯದಲ್ಲಿ ಜೋಳ, ತೊಗರಿ ಬಿತ್ತುವ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ. ಸರಾಸರಿಯಲ್ಲಿ ಅಷ್ಟು ಕಡಿಮೆಯಾದಾಗ ಕೆಟ್ಟ ವರ್ಷಗಳಲ್ಲಿ ಇನ್ನೆಷ್ಟು ಕಡಿಮೆಯಾಗುತ್ತದೆ ಎಂಬುದೇ ಅವನ ಪ್ರಶ್ನೆಯಾಗಿರುತ್ತದೆ. ಇನ್ನೊಂದು ತೊಡಕೂ ಇದೆ. ಸಲ್ಫೇಟ್ ಕಣಗಳು ಒಂದೆರಡು ವರ್ಷಗಳಲ್ಲಿ, ಧ್ರುವದ ಬಳಿ ಇನ್ನೂ ಬೇಗ, ಉದುರಿಹೋಗುತ್ತವೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ. ಇಂಗಾಲ ತಗ್ಗಿಸದೆ ಕೊಡೆ ಹಿಡಿದು, ನಡುವೆ ಯುದ್ಧವೋ ಆರ್ಥಿಕ ಕುಸಿತವೋ ಬಂದು ಹಾರಾಟ ನಿಂತರೆ, ಅಡಗಿಸಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಮ್ಮೆಲೇ ಎರಗುತ್ತದೆ.

ಹಾಗಾದರೆ ಸಂಶೋಧನೆಯನ್ನೇ ನಿಷೇಧಿಸಬೇಕೇ? 2025ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಸೀಗರ್ಟ್ ಮತ್ತು 40ಕ್ಕೂ ಹೆಚ್ಚು ವಿಜ್ಞಾನಿಗಳು ಧ್ರುವ ಪ್ರದೇಶಗಳಿಗಾಗಿ ಸೂಚಿಸಲಾದ ಐದು ಉಪಾಯಗಳನ್ನು ಪರಿಶೀಲಿಸಿ, ಒಂದೂ ಬಳಕೆಗೆ ಯೋಗ್ಯವಲ್ಲ, ಇವು ಇಂಗಾಲ ತಗ್ಗಿಸುವ ಕೆಲಸದಿಂದ ಗಮನವನ್ನೂ ಹಣವನ್ನೂ ಸೆಳೆಯುತ್ತವೆ ಎಂದರು. ಅದೇ ವರ್ಷ ಬ್ರಿಟನ್ನಿನ ಏರಿಯಾ ಎಂಬ ಸರ್ಕಾರಿ ಸಂಸ್ಥೆ ಹಿಮ ದಪ್ಪವಾಗಿಸುವ ಪ್ರಯೋಗವೂ ಸೇರಿದಂತೆ ಇಂಥ ಅಧ್ಯಯನಗಳಿಗೆ ಸುಮಾರು 5.7 ಕೋಟಿ ಪೌಂಡ್ ನೀಡಲು ಮುಂದಾಯಿತು. ಬಳಕೆಯ ವಿಷಯದಲ್ಲಿ ನಾನು ಸೀಗರ್ಟ್ ಅವರ ಪಕ್ಷ. ಸಂಶೋಧನೆಯ ವಿಷಯದಲ್ಲಿ ಅಷ್ಟು ಕಠಿಣನಾಗಲಾರೆ, ಮತ್ತು ಅದಕ್ಕೆ ನಮ್ಮದೇ ಅನುಭವ ಕಾರಣ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ವಿಜ್ಞಾನಿಗಳು ಸೇರಿ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೋಗಿ, 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಸಲ್ಫೇಟ್ ಬೆರೆಸಿ ಪಾಚಿ ಬೆಳೆಸಿದರು. ಸತ್ತ ಪಾಚಿ ಇಂಗಾಲವನ್ನು ತಳಕ್ಕೆ ಒಯ್ಯುತ್ತದೆಯೇ ಎಂದು ನೋಡುವುದು ಲೋಹಾಫೆಕ್ಸ್ ಎಂಬ ಆ ಪ್ರಯೋಗದ ಗುರಿ. ಪಾಚಿ ಬೆಳೆಯಿತು. ಆದರೆ ಆ ನೀರಿನಲ್ಲಿ ಸಿಲಿಕಾ ಕಡಿಮೆಯಿದ್ದದ್ದರಿಂದ ಗಟ್ಟಿ ಚಿಪ್ಪಿನ ಡಯಾಟಮ್ ಎಂಬ ಪಾಚಿಗಳು ಬೆಳೆಯದೆ, ಬೆಳೆದದ್ದನ್ನೆಲ್ಲ ಸಣ್ಣ ಕಡಲಜೀವಿಗಳು ಮೇಯ್ದುಬಿಟ್ಟವು, ತಳಕ್ಕಿಳಿದ ಇಂಗಾಲ ಅತ್ಯಲ್ಪ. ಒಂದು ಹುಸಿ ನಂಬಿಕೆ ಹೀಗೆ ಕಳಚಿತು. ತೆರೆದ, ಚಿಕ್ಕ, ಫಲಿತಾಂಶವನ್ನು ಮುಚ್ಚಿಡದ ಪ್ರಯೋಗ ಅಪಾಯವನ್ನು ತಗ್ಗಿಸಬಲ್ಲದು.

ಪ್ರಯೋಗಕ್ಕೂ ಒಂದು ಮರ್ಯಾದೆಯಿದೆ, ಅದು ಕೇಳಿ ಮಾಡುವುದು. ಬಿಸಿಲು ತಡೆಯುವ ಕಣಗಳ ಪ್ರಯೋಗಕ್ಕೆ ಹೊರಟಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಕೋಪೆಕ್ಸ್ ತಂಡ 2021ರಲ್ಲಿ ಸ್ವೀಡನ್ನಿನ ಕಿರುನಾ ಬಳಿಯ ಎಸ್ರೇಂಜ್ ಕೇಂದ್ರದಿಂದ ಬಲೂನೊಂದನ್ನು ಹಾರಿಸಲು ಸಿದ್ಧತೆ ನಡೆಸಿತ್ತು. ಆ ಮೊದಲ ಹಾರಾಟದಲ್ಲಿ ಕಣಗಳನ್ನು ಬಿಡುವ ಯೋಚನೆಯೇ ಇರಲಿಲ್ಲ, ಉಪಕರಣದ ಪರೀಕ್ಷೆ ಮಾತ್ರ. ಆದರೆ ಅಲ್ಲಿ ಹಿಮಸಾರಂಗ ಸಾಕಿ ಬದುಕುವ ಸಾಮಿ ಜನರನ್ನು ಯಾರೂ ಕೇಳಿರಲಿಲ್ಲ. ಸಾಮಿ ಮಂಡಳಿ ವಿರೋಧಿಸಿತು, ಹಾರಾಟ ರದ್ದಾಯಿತು, 2024ರಲ್ಲಿ ಯೋಜನೆಯೇ ಮುಕ್ತಾಯವಾಯಿತು. ಏನೂ ಚೆಲ್ಲದ ಬಲೂನಿಗೆ ಇಷ್ಟು ಗದ್ದಲವೇ ಎಂದು ಕೆಲವು ವಿಜ್ಞಾನಿಗಳು ಬೇಸರಪಟ್ಟರು. ನನಗೆ ಸಾಮಿ ಜನರೇ ಸರಿಯೆನಿಸುತ್ತದೆ: ಮನೆಯ ಮೇಲೆ ನಡೆಯುವ ಕೆಲಸಕ್ಕೆ ಮನೆಯವರ ಒಪ್ಪಿಗೆ ಮೊದಲು ಬೇಕು, ಕೆಲಸ ಚಿಕ್ಕದೋ ದೊಡ್ಡದೋ ಎಂಬುದು ಆಮೇಲಿನ ಮಾತು.

ಈ ನಡುವೆ ಯಾರ ಮಳೆಯನ್ನೂ ಪಣಕ್ಕಿಡದೆ ಮಾಡಬಹುದಾದ ಕೆಲಸಗಳು ಕಾದಿವೆ. ಹಡಗುಗಳು ಉರಿಸುವ ದಪ್ಪ ಎಣ್ಣೆಯ ಮಸಿ ಹಿಮದ ಮೇಲೆ ಕುಳಿತು ಅದನ್ನು ಕಪ್ಪಾಗಿಸುತ್ತದೆ. ಗಾಜಿನ ಪುಡಿ ಸುರಿದು ಬಿಳಿ ಮಾಡುವ ಮುನ್ನ ನಾವೇ ಸುರಿಯುತ್ತಿರುವ ಮಸಿಯನ್ನು ನಿಲ್ಲಿಸುವುದು ಸಹಜವಾದ ಕ್ರಮ. ಆರ್ಕ್ಟಿಕ್ ನೀರಿನಲ್ಲಿ ಆ ಎಣ್ಣೆಯ ಮೇಲಿನ ಅಂತರರಾಷ್ಟ್ರೀಯ ನಿಷೇಧ 2024ರ ಜುಲೈ 1ರಂದು ಜಾರಿಗೆ ಬಂದಿದೆ, ಆದರೆ ಹಲವು ಹಡಗುಗಳಿಗೆ 2029ರವರೆಗೆ ವಿನಾಯಿತಿಯ ಬಾಗಿಲು ತೆರೆದೇ ಇದೆ. ಆ ಬಾಗಿಲನ್ನು ಮುಚ್ಚಲು ಯಾವ ಹೊಸ ವಿಜ್ಞಾನವೂ ಬೇಕಿಲ್ಲ. ಒಂದೆರಡು ದಶಕಗಳಲ್ಲೇ ಫಲ ಕೊಡುವ, ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲದ ಕಡಿತವೂ ಇದೇ ಸಾಲಿನದು.

ಕೊನೆಯದಾಗಿ, ತೀರ್ಮಾನ ಎಲ್ಲಿ ಆಗುತ್ತದೆ ಎಂಬ ವಿಷಯ. 2010ರಲ್ಲಿ ಜಪಾನಿನ ನಗೋಯದಲ್ಲಿ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು ದೊಡ್ಡ ಪ್ರಮಾಣದ ಜಿಯೋಎಂಜಿನಿಯರಿಂಗ್ ಬೇಡವೆಂದು ನಿರ್ಣಯಿಸಿದವು. ಅದಕ್ಕೆ ಕಾನೂನಿನ ಬಲವಿಲ್ಲ, ಅಮೆರಿಕ ಆ ಒಪ್ಪಂದದ ಸದಸ್ಯನೂ ಅಲ್ಲ. 2024ರಲ್ಲಿ ನೈರೋಬಿಯ ವಿಶ್ವಸಂಸ್ಥೆಯ ಪರಿಸರ ಸಭೆಯಲ್ಲಿ, ಬಿಸಿಲು ತಡೆಯುವ ತಂತ್ರಗಳ ಬಗ್ಗೆ ತಜ್ಞರ ಗುಂಪೊಂದನ್ನು ರಚಿಸೋಣ ಎಂಬ ಸ್ವಿಟ್ಜರ್ಲೆಂಡಿನ ಪ್ರಸ್ತಾಪಕ್ಕೂ ಒಮ್ಮತ ಸಿಗದೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಉಳಿದದ್ದು ಎಂಟು ರಾಷ್ಟ್ರಗಳ ಆರ್ಕ್ಟಿಕ್ ಮಂಡಳಿ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ 2008ರಿಂದ ಹಿಮಾದ್ರಿ ಸಂಶೋಧನಾ ಕೇಂದ್ರವನ್ನು ನಡೆಸುತ್ತಿರುವ, ಆರ್ಕ್ಟಿಕ್ ಮತ್ತು ಮುಂಗಾರಿನ ನಂಟನ್ನು 2022ರ ತನ್ನ ಆರ್ಕ್ಟಿಕ್ ನೀತಿಯಲ್ಲಿ ಬರೆದುಕೊಂಡಿರುವ ಭಾರತ 2013ರಿಂದ ಆ ಮಂಡಳಿಯಲ್ಲಿ ವೀಕ್ಷಕ ರಾಷ್ಟ್ರ. ವೀಕ್ಷಕರಿಗೆ ಅಲ್ಲಿ ತೀರ್ಮಾನ ಕೈಗೊಳ್ಳುವ ಹಕ್ಕಿಲ್ಲ. ಬೆಂಗಳೂರಿನಲ್ಲಿ ಲೆಕ್ಕ ಹಾಕಿದ ಆ ಶೇಕಡಾ 12 ಎಂಬ ಅಂಕಿಯನ್ನು ಯಾರ ಮುಂದೆ ಇಡಬೇಕು, ಇಟ್ಟರೆ ಕೇಳಬೇಕಾದ ಬಾಧ್ಯತೆ ಯಾರಿಗಿದೆ ಎಂಬ ಪ್ರಶ್ನೆಯನ್ನು ನಮ್ಮ ವಿದೇಶಾಂಗ ಮತ್ತು ಭೂವಿಜ್ಞಾನ ಸಚಿವಾಲಯಗಳು ಮೊದಲ ವಿಮಾನ ಮೇಲೇರುವ ಮುನ್ನವೇ ಎತ್ತಬೇಕು.